ಗೌಡರ ಹಗೇವು

ಬೆಳಿಗ್ಗೆ ಎಂಟು ಗಂಟೆಗೆ ಗೌಡರ ಅಂಗಳದ ಹಗೇವಿನ ಬಾಯಿಕಲ್ಲು ಸರಿಸಿದೆವು. ಸಾವಿರದ ಒಂಬೈನೂರ ನಲವತ್ತಾರನೆಯ ಇಸವಿಯ ಏಪ್ರಿಲ್ ತಿಂಗಳು, ಊರು ಸಿರಿಗೇರಿ. ಹಗೇವೆಂದರೆ ನೆಲದೊಳಗೆ ಎರಡಾಳು ಆಳದ ಜೋಳದ ಗುಂಡಿ. ಮೇಲೆ ಒಬ್ಬ ಮನುಷ್ಯ ತೂರುವಷ್ಟೇ ಬಾಯಿ. ಮುಚ್ಚಿಟ್ಟ ಜೋಳದ ಮೇಲೆ ವಿಷಗಾಳಿ ನಿಂತಿರುತ್ತದೆ. ಅದಕ್ಕೇ ಮೊದಲು ದೀಪ ಇಳಿಬಿಡುತ್ತೇವೆ. ಉರಿದರೆ ಆಳು ಇಳಿಯುತ್ತಾನೆ. ಆರಿದರೆ ಸಂಜೆಯವರೆಗೆ ಬಾಯಿ ತೆರೆದಿಟ್ಟು ಕಾಯುತ್ತೇವೆ.

ನಮ್ಮ ಕೇರಿಯ ಸುಂಕಣ್ಣ ಹುರಿಗೆ ಕಟ್ಟಿ ಬಿಟ್ಟ ದೀಪ ಅರ್ಧಕ್ಕೇ ಆರಿತು.

“ಈಗ ಆಗಂಗಿಲ್ರೀ. ಸಂಜೀಕ ಇಳಿತೀನಿ.”

ಧಾನ್ಯ ವಸೂಲಿಗೆ ಬಳ್ಳಾರಿಯಿಂದ ಬಂದಿದ್ದ ಅಧಿಕಾರಿ ಪ್ರಾಣೇಶರಾಯ ಕುರ್ಚಿ ಬಿಟ್ಟು ಏಳಲಿಲ್ಲ. “ಸಂಜೀಕ ಈ ಜೋಳ ಹರಿಗೋಲು ಹತ್ತಿ, ಹೊಳಿ ದಾಟಿ, ನಿಜಾಮನ ಸೀಮಿಗೆ ಹೋಗಿರತದ. ಇತ್ತ ಬಳ್ಳಾರಿಯಾಗ ಜನ ರೇಷನ್ನಿಗೆ ಸಾಲು ನಿಂತಾರ. ದೇಶದ ಅನ್ನ ಕಾಯೋದು ನನ್ನ ಕೆಲಸ. ಹಿಂಗ ಹೇಳು ಅಂತ ಗೌಡ್ರು ಏನು ಕೊಟ್ಟಾರ ನಿನಗ?”

ಪಕ್ಕದಲ್ಲೇ ನಿಂತಿದ್ದ ಗೌಡ ದೊಡ್ಡಬಸಪ್ಪ ಉರಿದುಬಿದ್ದ. “ಇಳಿಯಲೇ ಬೋಳಿಮಗನ! ಸಾಹೇಬ್ರ ಮುಂದ ನನ್ನ ಕಳ್ಳನ್ನ ಮಾಡ್ತೀಯೇನು? ದೀಪಕ್ಕ ಎಣ್ಣಿ ಹಾಕಿಲ್ಲ ನೀನು.”

“ತುಂಬ ಐತ್ರೀ ಗೌಡ್ರ. ಬೇಕಾದ್ರ ನೋಡ್ರಿ.”

ಗೌಡ ನೋಡಲಿಲ್ಲ. ಕಾಲಿನ ಮೆಟ್ಟು ಕಿತ್ತು ಎಸೆದ. ಅದು ಸುಂಕಣ್ಣನ ಕಿವಿಗೆ ಬಡಿಯಿತು.

“ಸೊಂಟಕ್ಕರ ಒಂದು ಹಗ್ಗ ಕಟ್ರಿ. ಬಿದ್ರ ಜಗ್ಗಾಕ,” ಎಂದ ಸುಂಕಣ್ಣ.

ಅಂಗಳದ ಬಾವಿಯ ರಾಟೆಯ ಮೇಲೆ ಹಗ್ಗವಿತ್ತು.

“ಕುಡಿಯೋ ನೀರಿನ ಹಗ್ಗಲೇ ಅದು. ನಿನ್ನ ಸೊಂಟಕ್ಕ ಕಟ್ಟಿದ ಮ್ಯಾಲೆ ನಾವೇನ್ ಕುಡಿಬೇಕು, ನಿನ್ನ ಉಚ್ಚಿ?” ಎಂದ ಗೌಡ.

ಮನೆಯ ಆಳುಗಳಲ್ಲಿ ಯಾರೋ ನಕ್ಕರು.

ಸುಂಕಣ್ಣನ ತಮ್ಮ ಹುಲುಗಪ್ಪ ಹಗ್ಗ ತರಲು ಕೇರಿಗೆ ಓಡಿದ. ಅವನು ಬರುವಷ್ಟರಲ್ಲಿ ಅಣ್ಣನನ್ನು ಇಳಿಸಿಯಾಗಿತ್ತು. ಬಾಯಿಯ ಅಂಚಿಗೆ ಜೋತುಬಿದ್ದು ಸುಂಕಣ್ಣ ಕೈಬಿಟ್ಟ. “ಒಳಗ ಬೆಚ್ಚಗೈತಿ,” ಎಂದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಹುಲುಗಪ್ಪ ತಂದ ಹಗ್ಗ ಬಿಸಾಕಿ ಒಳಗೆ ಕಾಲು ಇಳಿಬಿಟ್ಟ. ಜೋಳ ತೂರಲು ಬಂದಿದ್ದ ಉಚ್ಚೆಂಗೆಮ್ಮ, ಸುಂಕಣ್ಣನ ಹೆಂಡತಿ, ಅವನ ಕೂದಲು ಹಿಡಿದು ಹಿಂದಕ್ಕೆಳೆದಳು.

“ಬಿಡು ಅತ್ತಿಗಿ! ಅಣ್ಣ ಅದಾನ ಒಳಗ!”

“ನಿನ್ನ ಬಿಟ್ರ ನೀನೂ ಅಲ್ಲೇ ಇರ್ತಿ. ಒಂದ ಹೆಣ ಸಾಕೋ ನನಗ.”

ಅವನು ಅವಳ ಕೈ ಕಚ್ಚಿದ. ರಕ್ತ ಬಂತು. ಅವಳು ಬಿಡಲಿಲ್ಲ. ಆ ಹೊತ್ತಿಗೆ ಸುಂಕಣ್ಣನಿಗೆ ಜೀವವಿತ್ತೋ ಇಲ್ಲವೋ, ನಮಗೆ ಗೊತ್ತಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಸಂಜೆ ಇಳಿಬಿಟ್ಟ ದೀಪ ಆರಲಿಲ್ಲ. ಹುಲುಗಪ್ಪ ಇಳಿದು ಕೇರಿಯ ಹಗ್ಗ ಕಟ್ಟಿದ, ನಾವು ಮೇಲೆಳೆದೆವು. ಸುಂಕಣ್ಣನ ಬಾಯಿ ತುಂಬ ಕಾಳು.

“ಛೆ,” ಎಂದ ಪ್ರಾಣೇಶರಾಯ. ಬಗ್ಗಿ, ಇನ್ನೂ ಒಳಗಿದ್ದ ಹುಲುಗಪ್ಪನಿಗೆ ಕೂಗಿದ: “ಹೆಂಗೂ ಇಳಿದೀಯಲ್ಲಪ್ಪ. ಚೀಲ ಬಿಡಸ್ತೀನಿ, ತುಂಬಿಬಿಡು.”

“ಮ್ಯಾಲ ಬಾರೋ ಹುಲುಗ,” ಎಂದಳು ಉಚ್ಚೆಂಗೆಮ್ಮ.

ಅವನು ಬಂದ. ಅವಳು ಗಂಡನ ಕಂಕುಳಿಗೆ ಕೈಹಾಕಿ ಎಳೆದು, ಹಗೇವಿನ ಬಾಯಿಗೆ ಅಡ್ಡವಾಗಿ ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

“ಈಗ ತಗೊಳ್ರಿ ಜೋಳ. ಇವನ್ನ ಮುಟ್ಟಿ ಸರಿಸಿ ತಗೊಳ್ರಿ.”

ಗೌಡ ಅವಳ ತಾಯಿಯನ್ನು, ಅಜ್ಜಿಯನ್ನು ಸೇರಿಸಿ ಬೈದ. ಮನೆಯ ಆಳುಗಳಿಗೆ ಕೂಗಿದ. ಹೊಲೆಯನ ಹೆಣವನ್ನು ಅವರು ಯಾರೂ ಮುಟ್ಟಲಿಲ್ಲ. ನಮ್ಮನ್ನು ಕೂಗಿದ. ನಾವೂ ಮುಟ್ಟಲಿಲ್ಲ.

ಮರುದಿನ ಮಧ್ಯಾಹ್ನ ಸಿರುಗುಪ್ಪದಿಂದ ಪೊಲೀಸರು ಬಂದರು. ಧಾನ್ಯ ವಸೂಲಿಗೆ ಅಡ್ಡಿಪಡಿಸಿದ ಆರೋಪದ ಮೇಲೆ ಉಚ್ಚೆಂಗೆಮ್ಮನನ್ನು ಹಿಡಿದುಕೊಂಡು ಹೋದರು.