ದಡದಲ್ಲಿ ಉಳಿದ ಹೊಗೆ

ದೋಣಿ ನಡೆಸುವವರೆಲ್ಲ ಮುಂದೆ ನೋಡುತ್ತಾರೆ. ನಮ್ಮ ತೆಮನಹಾ ಹಿಂದೆ ನೋಡುತ್ತಿದ್ದ. ಚುಕ್ಕಾಣಿಯನ್ನು ಕಂಕುಳಲ್ಲಿ ಅವುಚಿ, ಸೇರಬೇಕಾದ ದಿಕ್ಕಿಗೆ ಬೆನ್ನು ಕೊಟ್ಟು, ಬಿಟ್ಟುಬಂದ ದಡವನ್ನೇ ಧ್ಯಾನಿಸುವವನಂತೆ ಕೂತುಬಿಡುತ್ತಿದ್ದ. ಬರಿಮೈ ಮೇಲೆ ಚರ್ಚಿಗೆ ಹಾಕುವ ಕರಿಕೋಟು. ಗುಂಡಿಗಳು ಯಾವತ್ತೋ ಉದುರಿ, ಅವುಗಳ ಜಾಗದಲ್ಲಿ ತೆಂಗಿನ ನಾರಿನ ಹುರಿ. ನೆಲದ ಮೇಲೂ ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುವ ಚಾಳಿ ಅವನಿಗೆ ಅಂಟಿಕೊಂಡಿತ್ತು.

"ಏನ್ ಮಾವ, ಬಾಲ ಬಿದ್ದುಹೋಯ್ತಾ?" ಎಂದು ಮೀನು ಸೀಳುತ್ತ ಕೂತ ಹೆಂಗಸರು ಛೇಡಿಸಿದರೆ, "ಸಿಕ್ಕಿದ್ರೆ ಎತ್ತಿಟ್ಟಿರಿ" ಎಂದು ನಡೆದುಬಿಡುತ್ತಿದ್ದ.

ನಮ್ಮ ಊರಿರುವ ಹವಳದಿಬ್ಬ ನೀರಿನಿಂದ ಎರಡಾಳೆತ್ತರವೂ ಇಲ್ಲ. ಹಾಯಿ ಬಿಚ್ಚಿ ಎರಡು ತಾಸು ಓಡಿದರೆ ತೆಂಗಿನ ತಲೆಗಳೂ ದಿಗಂತದಲ್ಲಿ ಮುಳುಗುತ್ತವೆ. ಅದಕ್ಕೇ, ನಮ್ಮ ತೆಂಗಿನ ತೋಪಿರುವ ನಿರ್ಜನ ತೋರೆಯಾ ದ್ವೀಪಕ್ಕೆ ಅವನು ಹೊರಟಾಗಲೆಲ್ಲ, ಹೆಂಡತಿ ತೆಹೀನಾ ದಡದ ಗುರುತುಗಲ್ಲಿನ ಬಳಿ ತೆಂಗಿನಕಾಯಿಯ ಹಸಿ ಸಿಪ್ಪೆ ಸುಟ್ಟು ಮಧ್ಯಾಹ್ನದವರೆಗೆ ಹೊಗೆ ಎಬ್ಬಿಸುತ್ತಿದ್ದಳು. ಆ ಹೊಗೆಯ ಬುಡ ದೋಣಿಯ ಬಾಲಕ್ಕೆ ನೇರವಾಗಿದ್ದರೆ ದಾರಿ ಸರಿ. ಅಷ್ಟರಲ್ಲಿ ಅಲೆಯ ತೂಗಾಟ ಮೈಗೆ ಹತ್ತಿರುತ್ತದೆ, ಮಿಕ್ಕ ದಾರಿ ಆ ತೂಗಾಟದ ಅಂದಾಜಿನ ಮೇಲೆ. "ಹೊರಟ ಜಾಗ ನೆಟ್ಟಗಿದ್ರೆ ಸಾಕು, ಸೇರೋ ಜಾಗ ಎಲ್ಲಿಗೆ ಓಡೋಗುತ್ತೆ?" ಎನ್ನುತ್ತಿದ್ದ. ನಲವತ್ತು ವರ್ಷ ಅದು ಓಡಿಹೋಗಲಿಲ್ಲ.

ತೆಹೀನಾ ತೀರಿಕೊಂಡ ಮೇಲಿನ ಮೊದಲ ಯಾನದಲ್ಲಿ ನಾನೂ ಇದ್ದೆ. ಹೊಗೆ ಹಾಕಬೇಕೆಂದು ಊರಲ್ಲಿ ಯಾರಿಗೂ ಹೊಳೆಯಲಿಲ್ಲ. ಅದು ಅವಳ ಕೆಲಸವಾಗಿತ್ತಲ್ಲ. ತೆಮನಹಾ ಮಾತ್ರ ಎಂದಿನಂತೆ ಹಿಂದೆ ನೋಡಿದ, ದಿಗಂತದಲ್ಲೆದ್ದ ಮೋಡದ ತೆಳು ಎಳೆಯೊಂದನ್ನು ಅವಳ ಹೊಗೆಯೆಂದೇ ನಂಬಿದ. ಮೋಡ ಸರಿದಂತೆ ದೋಣಿಯೂ ಸರಿಯಿತು. ಎರಡು ದಿನ ಬಾಯಾರಿ ಅಲೆದು, ಹೇಗೋ ನಮ್ಮ ದಡಕ್ಕೇ ಬಂದು ಬಿದ್ದೆವು.

ದೋಣಿಯ ಯಜಮಾನಿಕೆ ಇದ್ದ ಮಹೂತಾ ಅಜ್ಜಿ ಗದರಲಿಲ್ಲ. "ಐದು ಮನೆಯೋರ ಜೀವ ಕಣಪ್ಪ. ಇನ್ನೊಂದ್ ಸಲ ಹೀಗಾದ್ರೆ ಚುಕ್ಕಾಣಿ ಬಿಟ್ಬಿಡು. ಹೊಗೆ ಹಾಕೋಕೆ ನನ್ ಸೊಸೆ ಬರ್ತಾಳೆ."

"ಬೇಡಮ್ಮ. ಬೇಜಾರಾಗಿ ಎದ್ದು ಹೋದ್ಲಾ ಅಂತ ಅಲ್ಲಿಂದ ನಂಗೆ ಗೊತ್ತಾಗಲ್ಲ. ತೆಹೀನಾ ಏಳ್ತಿರ್ಲಿಲ್ಲ."

ಚುಕ್ಕಾಣಿ ಹೋದರೆ ಅವನಿಗೆ ಉಳಿಯುವುದು ಖಾಲಿ ಮನೆಯೊಂದೇ ಎಂದು ನಮಗೆಲ್ಲ ಗೊತ್ತಿತ್ತು.

ಮುಂದಿನ ಸಲ ಗುರುತುಗಲ್ಲಿನ ಬಳಿ ಆಳೆತ್ತರ ಸಿಪ್ಪೆ ಒಟ್ಟಿ, ತಾನೇ ಬೆಂಕಿಯಿಟ್ಟ. ಕೋಟು ಬಿಚ್ಚಿ ಕಲ್ಲಿಗೆ ತೊಡಿಸಿ, "ನೀನಂತೂ ಎದ್ದು ಹೋಗಲ್ಲ" ಎಂದ. ಬರಿಮೈಯಲ್ಲಿ ಬಂದು ದೋಣಿಯಲ್ಲಿ ಕೂತ.

ಹೊಗೆ ತೆಳ್ಳಗಾಗುತ್ತ ಬಂತು. "ಇನ್ನೂ ಕಾಣ್ತಿದೆಯೇನೋ?" ಎಂದ.

ನನಗೆ ಕಾಣುತ್ತಿರಲಿಲ್ಲ. "ಕಾಣ್ತಿದೆ ಮಾವ" ಎಂದೆ.

"ಸುಳ್ಳು ಹೇಳ್ಬೇಡ. ಆಗ್ಲೇ ಆರಿದೆ. ಹೋಗ್ಲಿ, ಅಲೆ ಮೈಗೆ ಸಿಕ್ತು."

ಹೊತ್ತು ಮುಳುಗುವ ಮೊದಲು ತೋರೆಯಾ ಸೇರಿದೆವು. ಚುಕ್ಕಾಣಿ ಅವನಿಗೇ ಉಳಿಯಿತು. ನಾವೆಲ್ಲ ಎಳನೀರಿಗೆ ಮರದತ್ತ ಓಡಿದರೆ ಅವನು ಬಂದ ದಿಕ್ಕಿಗೆ ಮುಖಮಾಡಿ ನೀರಲ್ಲೇ ನಿಂತಿದ್ದ.

ದಾರಿ ಬಲ್ಲವರೆಂದು ನಾವು ಕೊಂಡಾಡುವ ಇಂಥವರ ವಿದ್ಯೆಯಲ್ಲಿ ಅರ್ಧಪಾಲು, ದಡದಲ್ಲಿ ಕಣ್ಣುರಿಸಿಕೊಂಡು ಕೂತ ಇನ್ನೊಬ್ಬರದು. ಅವರು ಹೋದಮೇಲೆ ಹೊಗೆಯನ್ನೂ ಇವರೇ ಹಾಕಿಕೊಳ್ಳಬಹುದು, ದೋಣಿಯನ್ನೂ ಇವರೇ ಮುಟ್ಟಿಸಬಹುದು. ಮುಟ್ಟಿದೆನೆಂದು ಹೇಳಿಕೊಳ್ಳುವುದಕ್ಕೆ ಮಾತ್ರ ಆ ದಡದಲ್ಲಿ ಯಾರೂ ಇರುವುದಿಲ್ಲ.