ಒಲೆ ಹಚ್ಚದ ಅಡುಗೆ

ಅಮ್ಮನ ಶವಪೆಟ್ಟಿಗೆಯ ಮೇಲೆ ಜಾರುತ್ತಿದ್ದ ಹೂಗಳನ್ನು ಸರಿಪಡಿಸುತ್ತಿದ್ದ ಮಗಳ ಕೈ ಅರ್ಧದಲ್ಲೇ ನಿಂತಿತು.

“ನಿಮ್ಮಮ್ಮನ ಕೈರುಚಿ ನಮ್ಮ ಮನೇಲಿ ಯಾರೂ ಮರೆಯಲ್ಲಮ್ಮ,” ಎನ್ನುತ್ತ ಗುರುತಿಲ್ಲದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು ಮುಂದೆ ಹೋದಳು.

ಮಗಳು ಅಣ್ಣನ ಮುಖ ನೋಡಿದಳು. ಅಮ್ಮನ ಕೈರುಚಿ! ಮೂವತ್ತೊಂದು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳು ಅಮ್ಮ. ಎರಡು ಮೂಲೆ ಹಿಡಿದು ಒಮ್ಮೆ ಕೊಡವಿದರೆ ಎಂಥ ಮೊಂಡು ಚಾದರವೂ ಶಿಸ್ತಾಗಿ ಮಡಚಿಕೊಳ್ಳುತ್ತಿತ್ತು. ಅಡುಗೆ ಮಾತ್ರ ಅಷ್ಟಕ್ಕಷ್ಟೆ. ಅವಳು ಸೂಪ್ ಮಾಡಿದ ದಿನ ಅಪ್ಪನಿಗೆ ಹೊರಗೆಲ್ಲೋ ತುರ್ತು ಕೆಲಸ ಹುಟ್ಟಿಕೊಳ್ಳುತ್ತಿತ್ತು.

“ದಾರಿ ತಪ್ಪಿ ಬೇರೆ ಯಾರದೋ ಮಣ್ಣಿಗೆ ಬಂದಿರಬೇಕು ಕಣೋ,” ಎಂದು ಪಿಸುಗುಟ್ಟಿದಳು.

ಆದರೆ ಹಿಂದೆಯೇ ಬಂದ ಬಸ್ ಡ್ರೈವರೊಬ್ಬ ಕೂಡ ಅದನ್ನೇ ಹೇಳಿದ. “ನನ್ನ ಮಗ ಊಟ ಅಂದ್ರೆ ಮೂಗು ಮುರೀತಿದ್ದ. ಕ್ಯಾಪ್ಟನ್ ಜೊತೆ ಮಾಡಿದ್ದು ಅಂದ್ರೆ ತಟ್ಟೆ ನೆಕ್ತಾನೆ.”

“ಕ್ಯಾಪ್ಟನ್ನಾ?”

“ನಿಮ್ಮಮ್ಮ! ಮಕ್ಕಳೆಲ್ಲ ಹಾಗೇ ಕರೀತಾರಲ್ಲ,” ಎಂದು ಅವನೇ ಬೆರಗಾದ.

ಕೊನೆಗೆ ಗಂಟು ಬಿಡಿಸಿದವರು ಶಿಶುವಿಹಾರದ ಟೀಚರು. ನಿವೃತ್ತಿಯಾದ ಮೇಲೆ ಅಮ್ಮ ಅಲ್ಲಿಗೆ ಹೋಗುತ್ತಿದ್ದದ್ದು ಮನೆಯವರಿಗೆ ಗೊತ್ತಿತ್ತು. ಮಕ್ಕಳ ಏಪ್ರನ್ ಒಗೆಯಲಿಕ್ಕೆ ಎಂದಷ್ಟೇ ಹೇಳಿದ್ದಳು.

“ಒಗೆಯೋಕೇ ಬಂದ್ರು,” ಎಂದರು ಟೀಚರು. “ವಸಂತದ ರಜೆ ಬಿಡೋ ದಿನ ಮಕ್ಕಳು ತಾವೇ ಏನಾದ್ರೂ ಸಿಹಿ ಮಾಡಿ ಮನೆಗೆ ಒಯ್ತಾರೆ. ಆ ವರ್ಷ ಅಡುಗೆಯವರು ಕಾಲು ಮುರ್ಕೊಂಡು ಮಲಗಿದ್ರು. ಏನು ಮಾಡೋದು ಅಂತ ನಾವು ತಲೆ ಮೇಲೆ ಕೈ ಹೊತ್ತು ಕೂತಿದ್ರೆ, ಇವರು ಏಪ್ರನ್ ಮಡಚ್ತಾ ಅಂದ್ರು, ‘ನಂಗೂ ಒಲೆಗೂ ಆಗಿಬರಲ್ಲ. ಒಲೆ ಬೇಡ ಅಂದ್ರೆ ನಾನು ಮಾಡಿಸ್ತೀನಿ.’”

ಬಿಸ್ಕತ್ತನ್ನು ಬಟ್ಟೆಚೀಲದಲ್ಲಿ ಹಾಕಿ ಮುಷ್ಟಿಯಿಂದ ಗುದ್ದುವುದು. ಬೆಣ್ಣೆ, ಜೇನು ಕಲಸಿ ಹಕ್ಕಿಮೊಟ್ಟೆಯ ಹಾಗೆ ಉಂಡೆ ಕಟ್ಟುವುದು. ಬಣ್ಣದ ಸಕ್ಕರೆಯಲ್ಲಿ ಹೊರಳಿಸುವುದು. ನಾಲ್ಕು ವಸಂತ ಹಾಗೇ ನಡೆದಿತ್ತು.

“ಮನೇಲಿ ಯಾಕೆ ಹೇಳಲಿಲ್ಲ?”

ಟೀಚರು ತಡೆದು ಹೇಳಿದರು. “ನಾನೂ ಕೇಳಿದೆ. ‘ನನ್ನ ಮಗಳ ನಾಲಿಗೆ ಬಲು ಚುರುಕು. ಪೂರ್ತಿ ಪಳಗಿದ ಮೇಲೆ ಹೇಳ್ತೀನಿ’ ಅಂದ್ರು.”

*

ಮಗಳಿಗೆ ಆಗ ಎಂಟು ವರ್ಷ. ಶಾಲೆಯಲ್ಲಿ ರಜೆಯ ಮುನ್ನಾದಿನದ ಪಾರ್ಟಿ. ಅಮ್ಮ ಲಾಂಡ್ರಿಯಿಂದ ಓಡೋಡಿ ಬಂದು ಕೇಕ್ ಮಾಡಿದ್ದಳು. ಒಂದು ಮಗ್ಗುಲು ಕರಿಕಲು, ಇನ್ನೊಂದು ಮಗ್ಗುಲು ಹಸಿ. ಗೆಳತಿಯರು ಕಿಸಕ್ಕನೆ ನಕ್ಕಾಗ ಅವಳು ಅದನ್ನು ಅಮ್ಮನ ಎದುರಿಗೇ ಕಸದ ಡಬ್ಬಿಗೆ ಸುರಿದಳು.

“ಇನ್ಮೇಲೆ ನೀನೇನೂ ಮಾಡ್ಬೇಡ. ಅಂಗಡಿಯಿಂದ ತಾ.”

ಅಮ್ಮ ಖಾಲಿ ತಟ್ಟೆ ಎತ್ತಿಕೊಂಡು ಹೊರಟಳು. ಮುಂದಿನ ವರ್ಷದಿಂದ ಅಂಗಡಿಯಿಂದಲೇ ತಂದಳು.

*

“ಇವತ್ತೇ ರಜೆ ಬಿಡೋ ದಿನ,” ಎಂದರು ಟೀಚರು. “ಮಕ್ಕಳು ಕಾಯ್ತಿದಾರೆ. ರದ್ದು ಮಾಡೋಣ ಅಂತಿದೀನಿ. ಆದ್ರೆ ವಿಷಯ ಹೇಳೋಕೇ ಬಾಯಿ ಬರ್ತಿಲ್ಲ.”

“ರದ್ದು ಬೇಡ,” ಎಂದಳು ಮಗಳು. “ಮಣ್ಣಾದ ಕೂಡಲೇ ಬರ್ತೀನಿ. ನಾನೇ ಹೇಳ್ತೀನಿ.”

ಸ್ಮಶಾನದ ಗೇಟಿನಲ್ಲಿ ಅಣ್ಣ ಅಡ್ಡ ನಿಂತ. “ಮನೆ ತುಂಬ ನೆಂಟರಿದಾರೆ. ನೀನು ಬಿಸ್ಕತ್ತು ಗುದ್ದೋಕೆ ಹೋಗಿದೀಯ ಅಂದ್ರೆ ಏನಂತಾರೆ?”

“ನೀನಿದೀಯಲ್ಲ. ಕಾಫಿ ಕೊಡು. ಅಮ್ಮ ಮಾಡಿದ್ದಲ್ಲ ಅಂತ ಮೊದಲೇ ಹೇಳು, ಧೈರ್ಯವಾಗಿ ಕುಡೀತಾರೆ.”

ಅಣ್ಣನಿಗೆ ನಗು ಬಂತು. ನಗುವಿನ ಹಿಂದೆಯೇ ಅಳು ಬಂತು. ಅವನು ದಾರಿ ಬಿಟ್ಟ.

ಶಿಶುವಿಹಾರದಲ್ಲಿ ಮೊಣಕಾಲೆತ್ತರದ ಮೇಜುಗಳ ಸುತ್ತ ಹತ್ತೊಂಬತ್ತು ಏಪ್ರನ್‌ಗಳು. ಮಗಳದು ಲಿಫ್ಟ್ ರಿಪೇರಿಯ ಕೆಲಸ. ಒಳಗೆ ಸಿಕ್ಕಿಕೊಂಡವರಿಗೆ ಸುಳ್ಳು ಹೇಳಬಾರದೆಂದು ಅವಳು ಮೊದಲ ವಾರವೇ ಕಲಿತಿದ್ದಳು. ಪುಟ್ಟ ಕುರ್ಚಿಯಲ್ಲಿ ಮುದುರಿ ಕೂತಳು.

“ನಾನು ಕ್ಯಾಪ್ಟನ್ ಮಗಳು. ಕ್ಯಾಪ್ಟನ್ ಸತ್ತುಹೋದ್ರು. ಅದಕ್ಕೇ ಅವರು ಬಂದಿಲ್ಲ.”

“ನಾಳೆ ಬರ್ತಾರಾ?” ಎಂದಳು ಎರಡು ಜಡೆಯ ಹುಡುಗಿ.

“ಇಲ್ಲ. ನಾಳೆನೂ ಬರಲ್ಲ. ಯಾವತ್ತೂ ಬರಲ್ಲ.”

ಒಂದು ಮಗು ಅಳತೊಡಗಿತು. ಟೀಚರು ಎತ್ತಿಕೊಂಡರು. ಎರಡು ಜಡೆಯವಳು ಕುರ್ಚಿಯ ಹತ್ತಿರ ಬಂದಳು.

“ನಿಂಗೆ ಮಾಡೋಕೆ ಬರತ್ತಾ?”

“ಬರಲ್ಲ. ನೀವೇ ಹೇಳ್ಕೊಡ್ಬೇಕು.”

ಅಷ್ಟೇ ಸಾಕಾಯಿತು. ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. ಚೀಲ ಹಿಡಿಯುವುದು ಹಾಗಲ್ಲ ಎಂದು ಒಬ್ಬ ಬೈದ. ಬೆಣ್ಣೆ ಈಗಲೇ ಹಾಕಬಾರದು ಎಂದು ಇನ್ನೊಬ್ಬಳು ಕೈ ತಡೆದಳು. “ಮೆತ್ತಗೆ ಅಲ್ಲ, ಜೋರಾಗಿ ಗುದ್ದು!” ಎಂದರು ಎಲ್ಲರೂ. ಅವಳು ಗುದ್ದಿದಳು. ಬೆಳಗಿನಿಂದ ಬಾರದ ಕಣ್ಣೀರು ಆಗ ಬಂತು. ಕೈ ಮಾತ್ರ ನಿಲ್ಲಲಿಲ್ಲ.

“ಅಳ್ತಾ ಗುದ್ದಿದ್ರೂ ಪರ್ವಾಗಿಲ್ಲ,” ಎಂದು ಬಸ್ ಡ್ರೈವರನ ಮಗ ಸಮಾಧಾನ ಹೇಳಿದ. “ಪುಡಿ ಆಗತ್ತೆ.”

ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ಕಿಟಕಿಯಲ್ಲಿ ಉಂಡೆಗಳ ತಟ್ಟೆ ಸಿದ್ಧವಾಗಿತ್ತು. ಸೊಟ್ಟ, ಚಪ್ಪಟೆ, ಡೊಳ್ಳುಹೊಟ್ಟೆ, ಒಂದರಂತೆ ಒಂದಿಲ್ಲ. ಸಾಲಿನ ಕೊನೆಯದರ ಮೇಲೆ ನಾಲ್ಕು ಪುಟ್ಟ ಹಲ್ಲಿನ ಗುರುತಿತ್ತು. ಯಾರೋ ಕಚ್ಚಿ ನೋಡಿ, ಮತ್ತೆ ಅದರ ಜಾಗದಲ್ಲೇ ಜೋಪಾನವಾಗಿ ಇಟ್ಟಿದ್ದರು.