ಗೋಡೆಯಾಚೆಯ ಶಿಲುಬೆ

"ತಲೆ ಕಡೆ ನಾನು ಹಿಡೀತೀನಿ, ನೀನು ಕಾಲು ಹಿಡ್ಕೋ ಜೆನ್ಜಿ. ಹುಷಾರು!"

ಕಿಲಿಯಾನ್, ಜೆನ್ಜಿ ಇಬ್ಬರೂ ಅಫ್ರಾಳ ಹೆಣವನ್ನು ಹಲಗೆಯಿಂದ ಎತ್ತಿ ಶವಪೆಟ್ಟಿಗೆಯೊಳಗೆ ಮಲಗಿಸಿದರು. ಹಲಗೆಗೆ ಹೊದಿಸಿದ್ದ ಬಟ್ಟೆ ಜಾರಿತು. ಪಕ್ಕದ ಮನೆಯ ಜೆನ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಹಲಗೆಯ ತುಂಬ ಹಿಮದ ಬೆಟ್ಟಗಳು, ಸಂಜೆಬಿಸಿಲು, ನಡುವೆ ತಮ್ಮೂರಿನದೇ ಪುಟ್ಟ ಚರ್ಚು.

"ಅಯ್ಯೋ ಕಿಲಿಯಾನಣ್ಣ, ಪಾದ್ರಿಗಳು ಬೇಡ ಅಂದ ಚಿತ್ರ ಅಲ್ವಾ ಇದು? ಮೂರು ದಿನದಿಂದ ಹೆಂಡ್ತೀನ ಇದರ ಮೇಲೇ ಮಲಗಿಸಿದ್ದೀಯಾ? ತಲೆ ಕೆಟ್ಟಿದೆಯಾ ನಿಂಗೆ?"

"ಕೆಟ್ಟಿರಲಿ ಬಿಡು. ಹೆಣ ಮಲಗಿಸಿದ ಹಲಗೆನ ನಮ್ಮೂರಲ್ಲಿ ಏನ್ಮಾಡ್ತಾರೆ, ಹೇಳು?"

"ಹೆಸರು ಬರೆದು ದಾರಿ ಪಕ್ಕ ನಿಲ್ಲಿಸ್ತಾರೆ..." ಜೆನ್ಜಿಗೆ ಆಗ ಹೊಳೆಯಿತು. "ಬೇಡಪ್ಪಾ! ಇದನ್ನ ನಿಲ್ಲಿಸಿದ್ರೆ ನಾಳೆ ನಿನ್ನ ಮಣ್ಣಿಗೂ ಪಾದ್ರಿಗಳು ಬರಲ್ಲ!"

"ನನ್ನ ಹೆಣದ ಚಿಂತೆ ಆಮೇಲೆ."

* * *

ಅಫ್ರಾ ಊರವರ ಬೀರುಗಳ ಮೇಲೆ ಹೂಬಳ್ಳಿ ಬರೆಯುತ್ತಿದ್ದವಳು. ಇಪ್ಪತ್ತೆರಡು ವರ್ಷದ ಹಿಂದೆ ಪಾದ್ರಿಗಳೇ ಕರೆದು, ಚರ್ಚಿಗೊಂದು ಚಿತ್ರ ಬರೆದುಕೊಡು ಎಂದಿದ್ದರು. ಆಳುದ್ದದ ಹಲಗೆಯ ಮುಂದೆ ಚಳಿಗಾಲವಿಡೀ ಕೂತು ಬರೆದಳು. ಅವರೂ ತಲೆದೂಗಿದರು, ಚಿತ್ರದಲ್ಲಿ ಸಮಾಧಿಗಳ ಗೋಡೆಯಾಚೆ ಕಣ್ಣು ಹೋಗುವವರೆಗೆ. ಬಿಸಿಲೆಲ್ಲ ಅಲ್ಲೇ ಬಿದ್ದಿತ್ತು, ಒಂದು ಗೇಣುದ್ದದ ಶಿಲುಬೆಯ ಮೇಲೆ.

ಜ್ಞಾನಸ್ನಾನಕ್ಕೆ ಮೊದಲೇ ಉಸಿರು ನಿಂತ ಮಗಳನ್ನು ಅಫ್ರಾ, ಕಿಲಿಯಾನ್ ಹೂತದ್ದು ಅಲ್ಲೇ. ಅಂಥ ಕೂಸಿಗೆ ಗೋಡೆಯೊಳಗೆ ಜಾಗವಿಲ್ಲ, ಹೊರಗೆ ಗುರುತೂ ಇಡುವಂತಿಲ್ಲ. ಎಂಥ ನ್ಯಾಯವೋ!

"ಸುಳ್ಳು ಬರೆದಿದ್ದೀಯಮ್ಮ. ಅಲ್ಲಿ ಶಿಲುಬೆ ಇಲ್ಲ," ಎಂದರು ಪಾದ್ರಿಗಳು.

"ಇಲ್ಲ ಅಂತಾನೇ ಬರೆದೆ ಸ್ವಾಮಿ."

"ಅಳಿಸು. ಪೂಜಾಪೀಠದ ಪಕ್ಕಾನೇ ತೂಗಿಸ್ತೀನಿ."

"ಹಾಗಾದ್ರೆ ನನ್ನ ಮಂಚದಡೀಲೇ ಇರಲಿ."

ಅಲ್ಲೇ ಇತ್ತು. ಕಿಲಿಯಾನ್ ಅಂದು ಟೋಪಿ ಹಿಂಡುತ್ತ ಹೆಂಡತಿಯ ಹಿಂದೆ ನಿಂತಿದ್ದ, ತುಟಿ ಪಿಟಕ್ಕೆನ್ನಲಿಲ್ಲ. ಆ ನಾಚಿಕೆ ಅವನನ್ನು ಇಂದಿಗೂ ಸುಡುತ್ತಿತ್ತು.

* * *

ಅಫ್ರಾಳನ್ನು ಗೋಡೆಯೊಳಗೆ ಮಣ್ಣು ಮಾಡಿ ಊರವರು ಹೊರಬರುವಷ್ಟರಲ್ಲಿ ಕಿಲಿಯಾನ್ ಗೋಡೆಯಾಚೆ, ಮಗಳನ್ನು ಹೂತ ಜಾಗದ ಪಕ್ಕ ಗುಂಡಿ ತೋಡಿ ಹಲಗೆಯನ್ನು ನೆಟ್ಟಿದ್ದ. ಚಿತ್ರದ ಆಕಾಶದಲ್ಲಿ ಸೊಟ್ಟ ಅಕ್ಷರಗಳು: 'ಅಫ್ರಾ. ಒಟ್ಟೀಲಿಯಾಳ ತಾಯಿ.'

ಮುದಿ ಪಾದ್ರಿಗಳ ಮುಖ ಕೆಂಪೇರಿತು. "ಯಾರಿದು ಒಟ್ಟೀಲಿಯಾ? ಚರ್ಚಿನ ಪುಸ್ತಕದಲ್ಲಿ ಆ ಹೆಸರೇ ಇಲ್ಲ!"

"ನನ್ನ ಮಗಳು. ಹೆಸರು ನಾನಿಟ್ಟೆ."

"ಕಿತ್ತು ಹಾಕು!"

"ಸತ್ತವರ ಹಲಗೆ ಸ್ವಾಮಿ ಇದು. ಇದನ್ನ ಕಿತ್ತವರು ಈ ಕಣಿವೆಯಲ್ಲಿ ಯಾರಿದ್ದಾರೆ? ನೀವೇ ಮೊದಲಿಗರಾಗ್ತೀರಾ?"

ಜೆನ್ಜಿ ಕಿಲಿಯಾನನನ್ನೊಮ್ಮೆ ನೋಡಿದಳು, ಕೆಸರಲ್ಲೇ ಮಂಡಿಯೂರಿದಳು. "ಅಫ್ರಾಗೆ, ಒಟ್ಟೀಲಿಯಾಗೆ ಶಾಂತಿ ಸಿಗಲಿ," ಎಂದು ಗಟ್ಟಿಯಾಗಿ ಜಪ ಶುರುಮಾಡಿದಳು. ಗಂಡಸರು ಒಬ್ಬೊಬ್ಬರೇ ಟೋಪಿ ತೆಗೆದರು. ತಲೆಯ ಮೇಲೆ ಉಳಿದದ್ದು ಒಂದೇ ಟೋಪಿ.

ಕಿಲಿಯಾನ್ ಬುಡದ ಮಣ್ಣನ್ನು ತುಳಿದು ಗಟ್ಟಿ ಮಾಡಿದ.

"ಸ್ವಾಮಿ, ಟೋಪಿ," ಎಂದ.

ವರ್ಷದ ಮೊದಲ ಹಿಮ ಉದುರತೊಡಗಿತ್ತು. ಬಹಳ ಹೊತ್ತಿನ ಮೇಲೆ ಅದು ಪಾದ್ರಿಗಳ ಬೋಳುತಲೆಯ ಮೇಲೂ ಬಿತ್ತು.